ಒಂದನೇ ಕ್ಲಾಸಿಗೆ ಟೂರ್ನಿಕೆಟ್

ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ದಿನಸಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಕನ್ನಡದ ದಂಪತಿ ನಿಂತಿದ್ದರು. ಹೆಂಡತಿಯ ಕೊರಳಲ್ಲಿ ಶಾಲೆಯ ಟೀಚರ್ ಐಡಿ ಕಾರ್ಡಿತ್ತು. ಸುರಿಯುವ ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಗಳನ್ನು ಇಬ್ಬರೂ ಫೋನಿನಲ್ಲಿ ನೋಡುತ್ತಿದ್ದರು.

“ಇದು ಚೀಪಾಗಿದೆಯಲ್ಲ, ಭಾನು?”

“ಬೇಡ ರೀ. ಟ್ರೇನಿಂಗ್‌ನಲ್ಲಿ ಇಂಥದ್ದೇ ಬಿಗಿ ಮಾಡೋವಾಗ ತಿರುಗಿಸೋ ಕಡ್ಡಿ ಮುರಿದುಹೋಯ್ತು.”

“ಸ್ಕೂಲಿನವರು ಕೊಡಲ್ವಾ?”

“ಆಫೀಸಲ್ಲಿ ಇಟ್ಟಿದ್ದಾರೆ. ಯಾರಾದ್ರೂ ಸ್ಕೂಲಿಗೆ ನುಗ್ಗಿ ಗುಂಡು ಹಾರಿಸ್ತಿರೋವಾಗ ಕ್ಲಾಸಲ್ಲಿ ಮಕ್ಕಳನ್ನ ಬಿಟ್ಟು ಅಲ್ಲಿಗೆ ಓಡ್ಲಾ?”

“ಹಾಗಾದ್ರೆ ಒಳ್ಳೇದೇ ತಗೋ. ಒಂದು ಸಾಕಲ್ವಾ?”

“ಒಂದು ಮಗೂಗೆ ಸಾಕು.”

ಗಂಡ ಫೋನಿನಿಂದ ತಲೆ ಎತ್ತಿದರು.

“ಎಲ್ಲಾ ಆರು ವರ್ಷದವು ರೀ. ಮೊದಲು ಯಾರಿಗೆ ಕಟ್ಟಲಿ?”

ಕೌಂಟರಿನವನು ಕರೆದ. ಗಂಡ ಬುಟ್ಟಿ ಎತ್ತಿಕೊಂಡರು. ಇಬ್ಬರೂ ಮುಂದೆ ಹೋದರು.