ಮನೆಗೆ ಬಿಟ್ಟ ಸಾಲು

ದಾದರ್ ಸ್ಟೇಷನ್ನಿನಲ್ಲಿ ಲೋಕಲ್‌ಗಾಗಿ ಕಾಯುತ್ತಿದ್ದ ಸಾಧನಾಗೆ ಬೆನ್ನ ಹಿಂದೆ ಕನ್ನಡದ ಜಗಳ ಕೇಳಿಸಿತು. ತಿರುಗಿ ನೋಡಿದಳು. ಬೆಂಡೆಕಾಯಿ ಮೂಟೆಯನ್ನು ಅವುಚಿ ಹಿಡಿದ ಹೆಂಗಸು, ಎದುರಿಗೆ ಅವಳ ತಮ್ಮ.

“ನಿನ್ನೆ ಸಂಜೀಕ ಕಾಂದಿವಲಿ ಹೊಲದಾಗ ನುಸಿಗೆ ವಿಷದ ಎಣ್ಣಿ ಹೊಡದು, ಇವತ್ತ ಮುಂಜಾನೆ ಹರಕೊಂಡ ಬಂದೀಯಲ್ಲೋ ಕಾಶಪ್ಪ!”

“ಮತ್ತೇನ್ ಮಾಡ್ಲಿ ಅಕ್ಕಾ? ಎಲಿ ಕೆಳಗೆಲ್ಲಾ ನುಸಿ ಬಲಿ ಕಟ್ಟಿತ್ತು. ಗಿಡ ಹಳದಿ ಆಗಿ ಹೊಂಟಿದ್ವು.”

“ಹೊಡೀಬ್ಯಾಡ ಅಂದ್ನೇನು? ಹೊಡದ ಮ್ಯಾಲ ವಿಷ ಇಳಿಯೋತನಕ ಕಾಯಿ ಹರೀಬಾರ್ದು ಅಂತ ಗೊತ್ತಿಲ್ಲೇನು?”

“ಬಿಟ್ರ ಬಲೀತಾವ. ಬಲಿತ ಭೆಂಡಿ ಮಾರ್ಕೆಟ್‌ನ್ಯಾಗ ಯಾರ ತಗೋತಾರ? ತೊಳದು ತಿಂತಾರ ಬಿಡು.”

“ತೊಳದ್ರ ಹೋಗೂದಿದ್ರ ಬೇಲಿ ಕಡೆ ಸಾಲಿಗೆ ಯಾಕ ಹೊಡೀಲಿಲ್ಲ?”

ತಮ್ಮ ಅತ್ತಿತ್ತ ನೋಡಿದ. “ಅದು ಮನೀಗೆ ಬಿಟ್ಟಿದ್ದು. ನಮ್ಮ ಹುಡುಗ್ರು ತಿಂತಾವ.”

“ಇವರ ಮನ್ಯಾಗ ಹುಡುಗ್ರು ಇಲ್ಲೇನೋ?” ಅವಳು ಕೈ ಬೀಸಿ ಇಡೀ ಪ್ಲಾಟ್‌ಫಾರ್ಮನ್ನೇ ತೋರಿಸಿದಳು.

ಬೆಳಿಗ್ಗೆಯಷ್ಟೇ ಮಗಳ ಡಬ್ಬಿಗೆ ಬೆಂಡೆ ಪಲ್ಯ ತುಂಬಿ ಕಳಿಸಿದ್ದ ಸಾಧನಾಗೆ ಮೈಯೆಲ್ಲ ಉರಿಯಿತು. ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕು ಎನ್ನುವಷ್ಟರಲ್ಲಿ ಕಾಂದಿವಲಿ ಕಡೆಯ ಲೋಕಲ್ ಬಂತು. ಅಕ್ಕ ಮೂಟೆಯನ್ನು ಲಗೇಜ್ ಬೋಗಿಯತ್ತ ಎಳೆಯತೊಡಗಿದಳು.

“ವಾಪಸ್ ಒಯ್ದು ಏನ್ ಮಾಡ್ತಿ?”

“ಗುಂಡಿ ತೋಡಿ ಹುಗೀತೀನಿ. ನೀ ತಡದ್ರ ಇಲ್ಲೇ ನಿಂತು ಎಲ್ಲಾ ಒದರತೀನಿ. ಕನ್ನಡದಾಗಲ್ಲ, ಹಿಂದಿಯೊಳಗ.”

ಕಾಶಪ್ಪ ಸುತ್ತಲಿನ ಜನರನ್ನು ಒಮ್ಮೆ ನೋಡಿದ. ಆಮೇಲೆ ಮೂಟೆಯ ಇನ್ನೊಂದು ತುದಿ ಹಿಡಿದ.