ಭೂತಯ್ಯನವರ ಬಳಿ ಸಿಕ್ಕ ಕತ್ತಿ ಒರೆಯನ್ನು ಎರಡನೆಯ ಸಲ ಗುರುತಿಸಿದ್ದು

ನಯನಾ, ತಂದೆ ಕೃಷ್ಣಪ್ಪ, ವಯಸ್ಸು 23 ವರ್ಷ, ಬಿ.ಎ. ಪದವೀಧರೆ, ಐಚ್ಛಿಕ ವಿಷಯ ಕನ್ನಡ ಸಾಹಿತ್ಯ, ಸದ್ಯ ಕೆಲಸ ಇಲ್ಲ, ವಾಸ ಹೊಸಗದ್ದೆ ಗ್ರಾಮ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ. ದಿನಾಂಕ 14-05-2001ರಂದು ಇದೇ ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆ ತಪ್ಪೆಂದು ತಿಳಿದುಬಂದಿದ್ದರಿಂದ, ಇಂದು ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಅಜ್ಜ ದಿವಂಗತ ಕರಿಯಪ್ಪನವರು ಎರಡನೆಯ ಮಹಾಯುದ್ಧದ ಕಾಲಕ್ಕೆ ಬರ್ಮಾ ಗಡಿಯಲ್ಲಿ ಕಾಡು ಕಡಿದು ರಸ್ತೆ ಮಾಡುವ ಪಡೆಯಲ್ಲಿದ್ದರು. 1946ರಲ್ಲಿ ಊರಿಗೆ ಬರುವಾಗ ಒಂದು ಕ್ಯಾನ್ವಾಸ್ ಚೀಲ, ನೀರಿನ ಬಾಟಲಿಯ ಉಣ್ಣೆಯ ಕವಚ ಮತ್ತು ಕತ್ತಿ ಇಡುವ ಚರ್ಮದ ಒರೆಯನ್ನು ತಂದಿದ್ದರು. ಅವು ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದವು. ಆಯುಧಪೂಜೆಗೆ ಮಾತ್ರ ಕೆಳಗಿಳಿಸಿ, ಎಣ್ಣೆ ಸವರಿ, ಕುಂಕುಮ ಇಡುತ್ತಿದ್ದೆವು. ಅಜ್ಜ ತೀರಿಕೊಂಡು ಐದು ವರ್ಷವಾಗಿದೆ. ಕಳೆದ ವರ್ಷದ ಪೂಜೆಯ ನಂತರ ಒರೆ ಕಾಣಲಿಲ್ಲ.

ದಿನಾಂಕ 14ರ ಸೋಮವಾರ ಬೆಳಿಗ್ಗೆ ಸುಮಾರು 8.30ಕ್ಕೆ ನನ್ನ ತಂದೆಯವರು ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದ ಕಾಫಿ ಎಸ್ಟೇಟಿನ ದಾರಿಯಲ್ಲಿ ಹೋಗುತ್ತಿದ್ದರು. ಅಲ್ಲಿ ಎಸ್ಟೇಟ್ ಕೂಲಿಗಳ ಸಾಲುಮನೆಯಾದ ಲೈನಿನ ವಾಸಿ ಭೂತಯ್ಯ, ಸುಮಾರು 56 ವರ್ಷ, ಮರ ಹತ್ತಿ ನೆರಳಿನ ಕೊಂಬೆ ಕಡಿಯುತ್ತಿದ್ದರು. ಅವರ ಸೊಂಟದಲ್ಲಿ ಒಂದು ಹಳೆಯ ಮಿಲಿಟರಿ ಒರೆ ಇತ್ತು. ತಂದೆಯವರು ಅವರನ್ನು ಕೆಳಗಿಳಿಸಿ ಠಾಣೆಗೆ ಕರೆತಂದರು. ಗುರುತು ಹೇಳಲು ನನ್ನನ್ನು 11.40ಕ್ಕೆ ಕರೆಸಿದರು.

ಒರೆ ಮೇಜಿನ ಮೇಲಿತ್ತು. ಉದ್ದ ಸುಮಾರು 11 ಅಂಗುಲ. ಕತ್ತಿಯ ತುದಿ ಕೊಕ್ಕೆಯಾಗಿರುವುದರಿಂದ ಬಾಯಿ ಅಗಲ, ಒಂದು ಹಿತ್ತಾಳೆ ಬಕಲು. ಹೊರಮೈಯಲ್ಲಿ ಬಾಣದ ಗುರುತು, ಅದರ ಕೆಳಗೆ 1942 ಎಂಬ ಒತ್ತು. ಅಂಚಿನಲ್ಲಿ ಕುಂಕುಮದ ಕಲೆ. ಐದು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎರಡಡಿ ದೂರ ನಿಂತು, ಮುಟ್ಟದೆ, ನನ್ನ ಅಜ್ಜ ಸೈನಿಕರಾಗಿದ್ದರು, ಇದು ನಮ್ಮದೇ ಎಂದು ಹೇಳಿದೆ. ಒಂದು ನಿಮಿಷವೂ ಆಗಿರಲಿಲ್ಲ.

ಭೂತಯ್ಯನವರು ನನ್ನ ಕಡೆ ತಿರುಗಿ, ಅದು ನಮ್ಮಪ್ಪಂದು ಕಣವ್ವ, ಅವ್ರೂ ಬರ್ಮಾಕ್ಕೆ ಹೋಗಿದ್ರು ಎಂದರು. ಆಗ ನನ್ನ ತಂದೆಯವರು, ನಿಮ್ಮಪ್ಪ ಬರ್ಮಾಕ್ಕೆ ಹೋಗಿ ಮೆಣಸು ಕುಯ್ದಿದ್ನೇನೋ ಎಂದು ಕೇಳಿದರು. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ವಿಚಾರಣೆ ಮುಗಿಯುವವರೆಗೆ ಭೂತಯ್ಯನವರು ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಠಾಣೆಗೆ ಬಂದು ಕೂರಬೇಕೆಂದು ಹೇಳಲಾಯಿತು.

ದಿನಾಂಕ 15ರ ಮಂಗಳವಾರ ಸಂಜೆ 4 ಗಂಟೆಗೆ ಭೂತಯ್ಯನವರ ಹೆಂಡತಿ ಭದ್ರಮ್ಮನವರು ನಮ್ಮ ಮನೆಗೆ ಬಂದರು. ತಂದೆಯವರು ಸಕಲೇಶಪುರಕ್ಕೆ ಹೋಗಿದ್ದರು. ಒಳಗೆ ಕರೆದರೂ ಬರಲಿಲ್ಲ. ಶುಕ್ರವಾರದೊಳಗೆ ಲೈನಿನ ಮನೆ ಖಾಲಿ ಮಾಡಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿರುವುದಾಗಿ ತಿಳಿಸಿದರು. ಕಳ್ಳನಿಗೆ ಲೈನಲ್ಲಿ ಜಾಗ ಇಲ್ವಂತೆ ಎಂದರು. ಜಗಳ ಆಡಲಿಲ್ಲ. ಒರೆಯ ಪಟ್ಟಿಯ ಅಡಿಗೆ ಬೆರಳು ಹಾಕಿ ನೋಡಿದೆಯಾ ಎಂದು ಕೇಳಿದರು. ಇಲ್ಲವೆಂದೆ. ಮೂವತ್ತು ವರ್ಷದಿಂದ ಎಣ್ಣೆ ಹಾಕೋಳು ನಾನು ಕಣವ್ವ, ಬಕಲಿನ ಹಿಂದ್ಗಡೆ ನಂಬ್ರು ಐತೆ, ಬೆರಳಿಗೆ ಸಿಕ್ತದೆ ಎಂದರು. ತಮಗೆ ಓದಲು ಬಾರದು, ಆದರೆ ಮಾವ, ಅಂದರೆ ಭೂತಯ್ಯನವರ ತಂದೆ ಅಣ್ಣಯ್ಯನವರು ದಿನಾ ಮಲಗುವ ಮುಂಚೆ ಒಂದು ಮಾತು ಹೇಳುತ್ತಿದ್ದರು, ನಾವು ಮಂತ್ರ ಅನ್ಕಂಡಿದ್ವಿ ಎಂದು ಹೇಳಿ ಅದನ್ನು ಒಪ್ಪಿಸಿದರು: ದೋ ಸಾತ್ ಚಾರ್ ಏಕ್ ಆಠ್. ಅವು ಹಿಂದೂಸ್ತಾನಿ ಅಂಕಿಗಳೆಂದು ಅವರಿಗೆ ಗೊತ್ತಿರಲಿಲ್ಲ. ನಾನು 27418 ಎಂದು ಅಂಗೈಯಲ್ಲಿ ಬರೆದುಕೊಂಡೆ.

ಅವರು ಹೋದ ಮೇಲೆ ಟ್ರಂಕಿನಿಂದ ಅಜ್ಜನ ಸೇನಾ ಬಿಡುಗಡೆ ಪುಸ್ತಕ ತೆಗೆದು ನೋಡಿದೆ. ಅಜ್ಜನ ನಂಬರು 30962. ಬಾಣ ಸರ್ಕಾರದ್ದು, ನಂಬ್ರು ಆಳಿಂದು ಎಂದು ಅಜ್ಜ ನಾನು ಸಣ್ಣವಳಿದ್ದಾಗ ಹೇಳಿಕೊಟ್ಟಿದ್ದರು. ನಾನು ಬಾಣ ನೋಡಿ ಗುರುತು ಹೇಳಿದ್ದೆ. ಕುಂಕುಮ ನೋಡಿಯೂ ಹೇಳಿದ್ದೆ. ನಮ್ಮ ಕಡೆ ಆಯುಧಪೂಜೆಯ ದಿನ ಕುಂಕುಮ ಬೀಳದ ಕತ್ತಿಯಾಗಲಿ ಒರೆಯಾಗಲಿ ಯಾವ ಮನೆಯಲ್ಲೂ ಇಲ್ಲ.

ಇಂದು ತಂದೆಯವರಿಗೆ ಹೇಳದೆ 10.15ರ ಬಸ್ಸಿಗೆ ಹೊರಟು 11.05ಕ್ಕೆ ಠಾಣೆಗೆ ಬಂದೆ. ಭೂತಯ್ಯನವರು ಬೆಂಚು ಖಾಲಿ ಇದ್ದರೂ ನೆಲದ ಮೇಲೆ ಕುಳಿತಿದ್ದರು. ಹೆಡ್ ಕಾನ್ಸ್‌ಟೇಬಲ್ ಏಕಾಂತಯ್ಯನವರು ಒರೆ ತಂದುಕೊಟ್ಟರು. ಬಕಲಿನ ಹಿಂದೆ ಬೆರಳಿಗೆ ಐದು ತಗ್ಗು ಗುರುತು ಸಿಕ್ಕವು. ಪಟ್ಟಿ ಮಗುಚಿ ಬೆಳಕಿಗೆ ಹಿಡಿದು 27418 ಎಂದು ಗಟ್ಟಿಯಾಗಿ ಓದಿದೆ. ಏಕಾಂತಯ್ಯನವರೂ ಓದಿ ನೋಡಿದರು. ಆದ್ದರಿಂದ ಈ ಒರೆ ನಮ್ಮದಲ್ಲ. ನಮ್ಮ ಒರೆ ಎಲ್ಲಿದೆಯೋ ನನಗೆ ತಿಳಿಯದು, ಆ ಬಗ್ಗೆ ಯಾರ ಮೇಲೂ ಅನುಮಾನ ಇಲ್ಲ.

ಭೂತಯ್ಯನವರನ್ನು ಈ ದಿನವೇ ಬಿಟ್ಟು, ಒರೆ ಹಿಂತಿರುಗಿಸಿ, ಅವರು ಕಳ್ಳರಲ್ಲವೆಂದು ಎಸ್ಟೇಟಿಗೆ ಶುಕ್ರವಾರದೊಳಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ. ರಿಜಿಸ್ಟರಿನಲ್ಲಿ ಕೂಲಿಯವನ ಬಳಿ ದೊರೆತ ಕೃಷ್ಣಪ್ಪನವರ ಸ್ವತ್ತು ಎಂದಿರುವುದನ್ನು ಹೊಡೆದುಹಾಕಿ, ಸೈನಿಕ ಅಣ್ಣಯ್ಯನವರದು, ಈಗ ಮಗ ಭೂತಯ್ಯನವರ ಸ್ವತ್ತು ಎಂದು ಬರೆಯಬೇಕೆಂದೂ ಕೇಳಿಕೊಂಡೆ. ಸೈನಿಕ ಅಂತ ಬರೆಯೋಕೆ ದಾಖಲೆ ಬೇಕಲ್ಲಮ್ಮ ಎಂದು ಏಕಾಂತಯ್ಯನವರು ಕೇಳಿದರು. ನನ್ನ ಅಜ್ಜ ಸೈನಿಕರೆಂದು ಸೋಮವಾರ ನಾನು ಹೇಳಿದಾಗ ಇಲ್ಲಿ ಯಾರೂ ದಾಖಲೆ ಕೇಳಿರಲಿಲ್ಲ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿಕೊಂಡಿದ್ದೇನೆ. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು, ನನಗೆ ತಿಳಿದಂತೆ ಎಲ್ಲವೂ ನಿಜ.

ಸ್ಥಳ: ಆಲೂರು
ದಿನಾಂಕ: 16-05-2001, ಮಧ್ಯಾಹ್ನ 12.30

(ಸಹಿ) ನಯನಾ ಕೆ.