ಸರದಿ ಮುಗಿಯುವ ಒಂಬತ್ತು ದಿನ ಮೊದಲು ಬಸ್ಸು ಹತ್ತಿಸಲ್ಪಟ್ಟ ಮುಂಡಪ್ಪನವರ ಬಗ್ಗೆ

ಹೆಸರು ಕಾಂತಿ, ದಿವಂಗತ ಅಣ್ಣು ಎಂಬವರ ಹೆಂಡತಿ, ಪ್ರಾಯ 38 ವರ್ಷ, ಬೀಡಿ ಕಟ್ಟುವ ಕೆಲಸ, ಬಂಟ್ವಾಳ ಪೇಟೆಯ ಬಾಡಿಗೆ ಮನೆಯಲ್ಲಿ ವಾಸ. ಸಿದ್ಧಕಟ್ಟೆಯ ಬಾವಿಯ ಬಳಿ ಪೊಲೀಸ್ ದಫೇದಾರರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ಕಾಣೆಯಾದ ಮುಂಡಪ್ಪ, ಪ್ರಾಯ 74, ನನ್ನ ತಂದೆ. ನಮ್ಮದು ಅಳಿಯಸಂತಾನ ಕಟ್ಟು. ಆದ್ದರಿಂದ ಅಪ್ಪ ಮೂಡುಬಿದಿರೆಯ ತಮ್ಮ ತಾಯಿಮನೆಗೆ ಸೇರಿದವರು. ಅಲ್ಲಿ ಈಗ ಅವರ ಸೋದರಳಿಯ ರುಕ್ಮಯ್ಯ ಯಜಮಾನ. ಗೇಣಿ ಗದ್ದೆಯ ಅಕ್ಕಿ ಮಕ್ಕಳಿಗೇ ಸಾಲುವುದಿಲ್ಲ, ನಿನಗೆ ಅಪ್ಪನೇ ಅಲ್ವಾ, ಒಂದು ತಿಂಗಳು ನೀನು ನೋಡು, ಒಂದು ತಿಂಗಳು ನಾವು ನೋಡುವ ಎಂದು ರುಕ್ಮಯ್ಯ ಬಾವ ಕಳೆದ ದೀಪಾವಳಿಗೆ ಹೇಳಿದರು. ನಾನು ಒಪ್ಪಿದೆ. ನಾನೇನು ಬಾಡಿಗೆ ಕೋಣವಾ, ತಿಂಗಳಿಗೊಂದು ಕೊಟ್ಟಿಗೆಗೆ ಎಂದು ಅಪ್ಪ ನಗಾಡಿದರು.

ಈ ಸಲ ನನ್ನ ಸರದಿ ಮಾರ್ಚ್ 18ರವರೆಗೆ ಇತ್ತು. ಅಪ್ಪನಿಗೆ ಮೂತ್ರ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ಎಬ್ಬಿಸಿ ತೊಳೆಯಬೇಕು. ಎರಡು ಸಲ ಕತ್ತರಿಸಿಟ್ಟ ಬೀಡಿ ಎಲೆ ಒದ್ದೆಯಾಯಿತು. ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದವಳು ನಾನೂರಕ್ಕೆ ಇಳಿದೆ. ತಾ. 7ರಂದು ಬೀಡಿ ಕಂಟ್ರಾಕ್ಟುದಾರರು ಮನೆಗೆ ಬಂದು, ಹೀಗಾದರೆ ಎಲೆ ಬೇರೆಯವರಿಗೆ ಕೊಡ್ತೇನೆ ಎಂದರು. ನನಗೆ ಬೇರೆ ಆದಾಯವಿಲ್ಲ. ಅಪ್ಪ ಬಾಗಿಲ ಹತ್ತಿರವೇ ಕೂತಿದ್ದರು.

ತಾ. 9-3-1964 ಸೋಮವಾರ ಬೆಳಿಗ್ಗೆ 8.15ಕ್ಕೆ ಅವರನ್ನು ಮೂಡುಬಿದಿರೆಯ ಬಸ್ಸಿಗೆ ಹತ್ತಿಸಿದೆ. ಬಾವನಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬೇಡ ಎನ್ನುತ್ತಿದ್ದರು. ಸೀಟಿನಲ್ಲಿ ಕೂತ ಮೇಲೆ ಅಪ್ಪ, ಇವತ್ತು ಒಂಬತ್ತಲ್ವಾ ಮಗಾ ಎಂದು ಕೇಳಿದರು. ಹೌದು ಎಂದೆ.

ತಾ. 11 ಬುಧವಾರ ಸಂಜೆ 5 ಗಂಟೆಗೆ, ಬೀಡಿ ಕೊಟ್ಟು ಹಿಂದೆ ಬರುವಾಗ, ಆ ಬಸ್ಸಿನ ಕಂಡಕ್ಟರ್ ಉಮ್ಮರ್ ಸಿಕ್ಕಿದರು. ನಿಮ್ಮ ಅಪ್ಪ ಮೊನ್ನೆ ಅರ್ಧ ದಾರಿಯಲ್ಲಿ, ಸಿದ್ಧಕಟ್ಟೆಯಲ್ಲೇ ಇಳಿದ್ರಲ್ಲ, ಟಿಕೆಟ್ ಮೂಡುಬಿದಿರೆಗೆ ಉಂಟು ಅಜ್ಜಾ ಅಂದೆ, ಅದಕ್ಕೆ ಅವರು ಇನ್ನೂ ಒಂಬತ್ತು ದಿನ ಉಂಟು ಮಾರಾಯ, ಈಗ ಹೋದ್ರೆ ಅಲ್ಲಿ ಮುಖ ಹೇಗೆ ತೋರಿಸುವುದು ಅಂತ ಹೇಳಿದ್ರು ಎಂದು ಅವರು ತಿಳಿಸಿದರು.

ನಾನು ಹುಡುಕಲು ಹೋಗಲಿಲ್ಲ. ಹೋಗಿ ಸಿಕ್ಕಿದ್ದರೆ ಮನೆಗೆ ಕರೆತರಬೇಕಿತ್ತು. ಗುರುವಾರ ಎಂಟುನೂರ ಇಪ್ಪತ್ತು ಬೀಡಿ ಕಟ್ಟಿದೆ.

ತಾ. 13 ಶುಕ್ರವಾರ ಬೆಳಿಗ್ಗೆ 10ಕ್ಕೆ ರುಕ್ಮಯ್ಯ ಬಾವ ಬಂದರು. ಅವರ ಹೆಂಡತಿ ಸರಸನಿಗೆ ಹುಷಾರಿಲ್ಲವೆಂದೂ, ಮುಂದಿನ ತಿಂಗಳೂ ಮಾವನನ್ನು ನಾನೇ ಇಟ್ಟುಕೊಳ್ಳಬೇಕೆಂದೂ ಕೇಳಿದರು. ಮಾತಾಡುತ್ತಾ ಒಳಗೆ ಇಣುಕಿ, ಮಾವ ಎಲ್ಲಿ ಎಂದರು. ಸೋಮವಾರವೇ ಬಸ್ಸು ಹತ್ತಿಸಿದೆ ಎಂದೆ. ನಮ್ಮಲ್ಲಿಗೆ ಬರಲೇ ಇಲ್ಲವಲ್ಲ ಎಂದು ಅವರು ಹೇಳಿದಾಗ ಉಮ್ಮರ್ ಹೇಳಿದ್ದನ್ನು ತಿಳಿಸಿದೆ.

ಸುಮಾರು 11.30ಕ್ಕೆ ನಾವಿಬ್ಬರೂ ಸಿದ್ಧಕಟ್ಟೆಗೆ ತಲುಪಿದೆವು. ಚಾದಂಗಡಿಯ ತುಕ್ರಪ್ಪ ಎಂಬವರು, ಒಬ್ಬ ಅಜ್ಜ ಸೋಮವಾರದಿಂದ ತನ್ನ ಬೆಂಚಿನಲ್ಲಿ ಕೂತಿದ್ದರೆಂದೂ, ತಾನೇ ಗಂಜಿ ಕೊಟ್ಟೆನೆಂದೂ, ದಿನಾ ಬೆಳಿಗ್ಗೆ ಇವತ್ತು ಎಷ್ಟನೇ ತಾರೀಕು ಎಂದು ಕೇಳುತ್ತಿದ್ದರೆಂದೂ ಹೇಳಿದರು. ಯಾರನ್ನು ಕಾಯ್ತೀರಿ ಅಜ್ಜಾ ಎಂದದ್ದಕ್ಕೆ, ಯಾರನ್ನೂ ಅಲ್ಲ, ಹದಿನೆಂಟು ಆಗ್ಲಿ ಅಂತ ಎಂದಿದ್ದರಂತೆ. ಗುರುವಾರ ಬೆಳಿಗ್ಗೆ ನೋಡುವಾಗ ಬೆಂಚು ಖಾಲಿ ಇತ್ತಂತೆ. ಕತ್ತಲಾಗುವವರೆಗೆ ಹುಡುಕಿದರೂ ಸಿಗದೆ ಠಾಣೆಗೆ ತಿಳಿಸಿದೆವು.

ಇಂದು ಮಧ್ಯಾಹ್ನ 3 ಗಂಟೆಗೆ, ಅಂಗಡಿಯಿಂದ ಎರಡು ಫರ್ಲಾಂಗ್ ದೂರದ ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ಒಂದು ಮುಟ್ಟಾಳೆ, ಅಡಿಕೆ ಹಾಳೆಯ ಟೋಪಿ, ಸಿಕ್ಕಿತು. ಅಪ್ಪನದೇ. ಅದಕ್ಕೆ ಬೀಡಿ ನೂಲಿನಿಂದ ಹೊಲಿಗೆ ಹಾಕಿದವಳು ನಾನು. 3.40ಕ್ಕೆ ಲೋಕಯ್ಯ ಎಂಬವರು ಸೊಂಟಕ್ಕೆ ಹಗ್ಗ ಕಟ್ಟಿ ಇಳಿದರು. ಒಮ್ಮೆ ಮೇಲೆ ಬಂದು, ಅಡಿಯಲ್ಲಿ ಕೆಸರು ಉಂಟು, ಕಾಣುವುದಿಲ್ಲ ಎಂದು ಹೇಳಿ ಪುನಃ ಇಳಿದಿದ್ದಾರೆ.

ಬುಧವಾರದ ವಿಷಯ ಯಾಕೆ ಬರೆಸ್ತಿ ಕಾಂತಿ, ಉಮ್ಮರ್ ಏನೂ ಹೇಳಲಿಕ್ಕಿಲ್ಲ ಎಂದು ಬಾವ ಈಗಷ್ಟೇ ಮೆಲ್ಲಗೆ ಹೇಳಿದರು. ಲೋಕಯ್ಯ ಮೇಲೆ ಬರುವ ಮೊದಲೇ ಬರೆದುಕೊಳ್ಳಬೇಕೆಂದು ನಾನೇ ಕೇಳಿಕೊಂಡಿದ್ದೇನೆ. ಅವರು ಬಂದ ಮೇಲೆ ಇದನ್ನು ಹೇಳುವ ಧೈರ್ಯ ನನಗೆ ಇರುತ್ತದೆಂದು ನಂಬಿಕೆಯಿಲ್ಲ.

ಬರೆದದ್ದನ್ನು ತುಳುವಿನಲ್ಲಿ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಸಿದ್ಧಕಟ್ಟೆ
ತಾ. 14-3-1964, ಸಂಜೆ 4.20
ಕಾಂತಿ, ಎಡಗೈ ಹೆಬ್ಬೆಟ್ಟಿನ ಗುರುತು